ಒಲಿಂಪಿಕ್ಸೇ ಇಲ್ಲದ ಕಾಲದ ಕ್ಯಾಪ್ಟನ್

ಹಾಕಿ ಅಂದ ಕೂಡಲೇ ನಮ್ಮ ಬೆಳಗಾವಿ ಕಡೆ ಹಿರಿಯರು ಬಂಡು ಪಾಟೀಲರ ಹೆಸರು ಹೇಳ್ತಾರೆ. ಹೇಳಬೇಕಾದ್ದೇ ಬಿಡಿ. ಬೆಳಗಾವಿಯಲ್ಲಿ ಹುಟ್ಟಿ, 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿ ಇದ್ದವರು ಅವರು. ಅದೇ ತಂಡದ ಗೋಲ್‌ಕೀಪರ್ ಶಂಕರ್ ಲಕ್ಷ್ಮಣ್ ಮರಾಠಾ ಲೈಟ್ ಇನ್ಫಂಟ್ರಿಯವರು. ಆ ದಳದ ಕೇಂದ್ರ ಇರೋದೂ ಬೆಳಗಾವಿಯಲ್ಲೇ. ಹಾಗಾಗಿ ಫೈನಲ್‌ನಲ್ಲಿ ಪಾಕಿಸ್ತಾನವನ್ನು 1-0ರಿಂದ ಸೋಲಿಸಿದ ಆ ಗೆಲುವಿನಲ್ಲಿ ನಮ್ಮ ಜಿಲ್ಲೆಗೂ ಒಂದು ಪಾಲಿದೆ ಅಂತ ಎದೆ ಉಬ್ಬಿಸಬಹುದು :)

ಆದರೆ ಜಿಲ್ಲೆಯ ಇನ್ನೊಂದು ತುದಿಯಲ್ಲಿ, ರಾಮದುರ್ಗ ತಾಲೂಕಿನ ನಮ್ಮ ಸುರೇಬಾನಕ್ಕೆ ಆ ಗಾಳಿ ಬೀಸಲೇ ಇಲ್ಲ. ಶಬರಿಕೊಳ್ಳದ ಜಾತ್ರೆಗೆ ಬರೋ ಮಂದಿಗೆ ನಮ್ಮೂರು ಗೊತ್ತು, ಹಾಕಿ ಆಡೋ ಮಂದಿಗೆ ಗೊತ್ತಿಲ್ಲ. ನಾವು ಬೆಳೆದದ್ದು ಕಬಡ್ಡಿ, ಖೋಖೋ, ಆಮೇಲೆ ಟೆನಿಸ್ ಬಾಲ್ ಕ್ರಿಕೆಟ್ ನೋಡಿಕೊಂಡು. ಹುಡುಗಿಯರ ಹಾಕಿ ಅಂದರಂತೂ ಟೀವಿಯಲ್ಲಿ ಹತ್ತಾರು ಸಲ ನೋಡಿದ 'ಚಕ್ ದೇ ಇಂಡಿಯಾ' ಒಂದೇ.

ಹಾಗಿದ್ದರೆ ಬಂಡು ಪಾಟೀಲರು ಟೋಕಿಯೊದಲ್ಲಿದ್ದ ಆ ವರ್ಷಗಳಲ್ಲಿ ನಮ್ಮ ರಾಜ್ಯದ ಹೆಣ್ಣುಮಕ್ಕಳು ಏನು ಆಡ್ತಿದ್ರು?

ಅವರೂ ಹಾಕಿನೇ ಆಡ್ತಿದ್ರು. ಆಡೋದಷ್ಟೇ ಅಲ್ಲ, ದೇಶದಲ್ಲಿ ಎದುರು ನಿಲ್ಲೋರೇ ಇರಲಿಲ್ಲ! ಆಗ ನಮ್ಮದಿನ್ನೂ ಮೈಸೂರು ರಾಜ್ಯ, ಕರ್ನಾಟಕ ಅಂತ ಹೆಸರಾದದ್ದು 1973ರಲ್ಲಿ. 1960ರಿಂದ 1967ರ ನಡುವೆ ನಮ್ಮ ರಾಜ್ಯದ ಮಹಿಳಾ ತಂಡ ಗೆದ್ದ ರಾಷ್ಟ್ರೀಯ ಪ್ರಶಸ್ತಿಗಳು ಬರೋಬ್ಬರಿ ಏಳು. ಆ ತಂಡದ ಕ್ಯಾಪ್ಟನ್ ಹೆಸರು ಎಲ್ವೆರಾ ಬ್ರಿಟ್ಟೊ.

ಎಲ್ವೆರಾ ಬೆಂಗಳೂರಿನ ಕುಕ್ ಟೌನ್‌ನವರು. ಹದಿಮೂರನೇ ವಯಸ್ಸಿಗೆ ಸ್ಟಿಕ್ ಹಿಡಿದರು. ತಂಗಿಯರಾದ ರೀಟಾ ಮತ್ತು ಮೇ ಕೂಡ ಅದೇ ತಂಡದಲ್ಲಿ! ಒಂದೇ ಮನೆಯ ಮೂವರು ಅಕ್ಕತಂಗಿಯರು ಒಂದೇ ರಾಜ್ಯ ತಂಡದಲ್ಲಿ ವರ್ಷಗಟ್ಟಲೆ ಆಡೋದು ಅಂದರೆ ಸುಮ್ಮನೆ ಮಾತಲ್ಲ. ಆ ಕಾಲಕ್ಕೆ ಹುಡುಗಿಯರ ಹಾಕಿ ಇದ್ದದ್ದು ಹೆಚ್ಚಾಗಿ ದಂಡು ಪ್ರದೇಶದ ಕಾನ್ವೆಂಟ್ ಶಾಲೆಗಳು ಮತ್ತು ಕಾಲೇಜುಗಳ ಮೈದಾನದಲ್ಲಿ, ಆಂಗ್ಲೋ-ಇಂಡಿಯನ್ ಮತ್ತು ಕ್ರೈಸ್ತ ಕುಟುಂಬಗಳ ನಡುವೆ. ನಮ್ಮ ಕಡೆಯ ಹಳ್ಳಿಗಳಲ್ಲಿ ಹುಡುಗಿ ಏಳನೇತ್ತ ಮುಗಿಸಿದರೆ ಅದೇ ದೊಡ್ಡದು ಅನ್ನುತ್ತಿದ್ದ ದಿನಗಳು ಅವು.

ಎಲ್ವೆರಾ ಭಾರತ ತಂಡಕ್ಕೂ ಆಡಿದರು. ಆಸ್ಟ್ರೇಲಿಯಾ, ಜಪಾನ್, ಶ್ರೀಲಂಕಾ (ಆಗಿನ ಸಿಲೋನ್) ತಂಡಗಳ ವಿರುದ್ಧ ಕಣಕ್ಕಿಳಿದರು. 1965ರಲ್ಲಿ ಅರ್ಜುನ ಪ್ರಶಸ್ತಿ ಬಂತು. 1961ರಲ್ಲಿ ಆ್ಯನ್ ಲಮ್ಸ್‌ಡನ್‌ಗೆ ಸಿಕ್ಕಿದ್ದು ಬಿಟ್ಟರೆ, ಮಹಿಳಾ ಹಾಕಿಗೆ ಬಂದ ಎರಡನೇ ಅರ್ಜುನ ಅದು.

ಅಲ್ಲಿಗೆ ಮುಗಿಯಿತು. ಅದರ ಮೇಲೆ ಹತ್ತೋಕೆ ಮೆಟ್ಟಿಲೇ ಇರಲಿಲ್ಲ. ವಿಶ್ವಕಪ್ ಇಲ್ಲ, ಏಷ್ಯನ್ ಗೇಮ್ಸ್ ಇಲ್ಲ, ಒಲಿಂಪಿಕ್ಸ್ ಇಲ್ಲ.

ಯಾಕೆ ಇರಲಿಲ್ಲ ಅನ್ನೋದೇ ನನಗೆ ಈ ಕತೆಯಲ್ಲಿ ಎಲ್ಲಕ್ಕಿಂತ ಸ್ವಾರಸ್ಯದ ಭಾಗ. ಗಂಡಸರ ಹಾಕಿ 1908ರಲ್ಲೇ ಒಲಿಂಪಿಕ್ಸ್ ಸೇರಿತ್ತು. ಹೆಂಗಸರ ಹಾಕಿ ಸೇರಿದ್ದು 1980ರಲ್ಲಿ. ನಡುವೆ 72 ವರ್ಷ! ಗಂಡಸರು ಬಾಗಿಲು ಹಾಕಿಕೊಂಡಿದ್ದರು ಅಂತ ಹೇಳಿ ಮುಗಿಸಿದರೆ ಅರ್ಧ ಸತ್ಯ ಆಗುತ್ತೆ. 1927ರಲ್ಲಿ ಹೆಂಗಸರು ತಮ್ಮದೇ ಒಂದು ಅಂತರರಾಷ್ಟ್ರೀಯ ಒಕ್ಕೂಟ ಕಟ್ಟಿಕೊಂಡಿದ್ದರು. ನಮ್ಮ ಆಟವನ್ನು ನಾವೇ ನಡೆಸ್ತೀವಿ, ಗಂಡಸರ ಹಂಗು ಬೇಡ ಅನ್ನೋದು ಅವರ ನಿಲುವು. ಅದರ ಜೊತೆಗೇ ಕಪ್ಪು, ಪದಕ ಅಂತ ಶುರುವಾದರೆ ಆಟ ಕೆಡುತ್ತೆ ಅನ್ನೋ ನಂಬಿಕೆಯೂ ಇತ್ತು. ದೇಶದೇಶಗಳ ತಂಡಗಳು ಒಂದೆಡೆ ಸೇರುತ್ತಿದ್ದವು, ಸ್ನೇಹದ ಪಂದ್ಯ ಆಡುತ್ತಿದ್ದವು, ಚಾಂಪಿಯನ್ ಯಾರು ಅಂತ ಘೋಷಣೆ ಮಾತ್ರ ಇರುತ್ತಿರಲಿಲ್ಲ. ಈ ಒಕ್ಕೂಟ ಗಂಡಸರ ಒಕ್ಕೂಟದ ಜೊತೆ ಒಂದಾಗಲು 1980ರ ದಶಕವೇ ಬರಬೇಕಾಯಿತು.

ಆ ನಿಲುವಿನಲ್ಲಿ ಸ್ವಾಭಿಮಾನ ಇತ್ತು, ಒಪ್ತೀನಿ. ಆದರೆ ಅದರ ಬೆಲೆ ಕೊಟ್ಟವರು ಆಡಿದ ಹೆಣ್ಣುಮಕ್ಕಳು. ಪದಕ ಇಲ್ಲದ ಆಟ ಪೇಪರಿನಲ್ಲಿ ಬರೋದಿಲ್ಲ. ಪೇಪರಿನಲ್ಲಿ ಬರದ ಆಟಗಾರ್ತಿ ಪಠ್ಯಪುಸ್ತಕಕ್ಕೂ ಬರೋದಿಲ್ಲ, ಕ್ವಿಜ್ ಪ್ರಶ್ನೆಗೂ ಬರೋದಿಲ್ಲ. ಬಂಡು ಪಾಟೀಲರ ಹೆಸರಾದರೂ ನಮ್ಮ ಹಿರಿಯರ ಬಾಯಲ್ಲಿ ಉಳಿದಿದೆ. ಅದೇ ವರ್ಷಗಳಲ್ಲಿ ಅದೇ ರಾಜ್ಯದಿಂದ ಏಳು ರಾಷ್ಟ್ರೀಯ ಪ್ರಶಸ್ತಿ ಗೆದ್ದ ಕ್ಯಾಪ್ಟನ್ ಹೆಸರು ಕೇಳಿದರೆ ನಮ್ಮ ಆಫೀಸಿನಲ್ಲಿ ಹುಟ್ಟಾ ಬೆಂಗಳೂರಿಗರೇ ಮುಖ ಮುಖ ನೋಡ್ತಾರೆ.

"ಅವಕಾಶ ಇದ್ದಿದ್ರೆ ತಾನೇ ಏನು ಮಾಡ್ತಿದ್ರು?" ಅಂತ ಯಾರಾದರೂ ಕೇಳಬಹುದು. ಉತ್ತರಕ್ಕೆ ಊಹೆ ಬೇಕಿಲ್ಲ, ದಾಖಲೆ ಇದೆ. 1974ರಲ್ಲಿ ಫ್ರಾನ್ಸ್‌ನ ಮಾಂಡಲ್ಯೂನಲ್ಲಿ ಮೊದಲ ಮಹಿಳಾ ವಿಶ್ವಕಪ್ ನಡೆದಾಗ ಭಾರತಕ್ಕೆ ನಾಲ್ಕನೇ ಸ್ಥಾನ. 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲೂ ನಾಲ್ಕನೇ ಸ್ಥಾನ. ಅಲ್ಲಿ ಚಿನ್ನ ಗೆದ್ದ ಜಿಂಬಾಬ್ವೆ ಜೊತೆ ನಮ್ಮವರು 1-1 ಡ್ರಾ ಮಾಡಿಕೊಂಡಿದ್ದರು. (ಬಹಿಷ್ಕಾರದಿಂದಾಗಿ ಹಲವು ದೊಡ್ಡ ತಂಡಗಳು ಬಂದಿರಲಿಲ್ಲ, ಅದನ್ನೂ ಹೇಳಿಬಿಡ್ತೀನಿ.) 1982ರ ದೆಹಲಿ ಏಷ್ಯಾಡ್‌ನಲ್ಲಿ ಮೊದಲ ಸಲ ಮಹಿಳಾ ಹಾಕಿ ಸೇರಿಸಿದರು, ನಮ್ಮವರು ಚಿನ್ನವನ್ನೇ ತಂದರು. ಆದರೂ ಆ ಏಷ್ಯಾಡ್ ಅಂದರೆ ಜನಕ್ಕೆ ನೆನಪಿರೋದು ಗಂಡಸರು ಪಾಕಿಸ್ತಾನದ ಎದುರು 1-7ರಿಂದ ಸೋತದ್ದು! ಗೆದ್ದವರನ್ನು ಮರೆತು ಸೋತವರನ್ನು ನೆನಪಿಟ್ಟುಕೊಳ್ಳೋ ಕಲೆ ನಮಗೆ ಚೆನ್ನಾಗಿ ಗೊತ್ತು.

ಈ ಮೆಟ್ಟಿಲುಗಳೆಲ್ಲ ಬರೋ ಹೊತ್ತಿಗೆ ಎಲ್ವೆರಾ ಆಡೋ ವಯಸ್ಸು ದಾಟಿದ್ದರು. ಮೊದಲ ವಿಶ್ವಕಪ್ ಹೊತ್ತಿಗೆ ಮೂವತ್ತು ದಾಟಿತ್ತು, ಮಾಸ್ಕೋ ಹೊತ್ತಿಗೆ ನಲವತ್ತು. ಮುಂದೆ ಅವರು ರಾಜ್ಯ ಮಹಿಳಾ ಹಾಕಿ ಸಂಸ್ಥೆಯ ಅಧ್ಯಕ್ಷರಾಗಿ ಎಂಟು ವರ್ಷ ದುಡಿದರು. ತಮಗೆ ಸಿಗದ ಮೈದಾನವನ್ನು ಮುಂದಿನವರಿಗೆ ಹದ ಮಾಡಿಕೊಡುವ ಕೆಲಸ. 2022ರ ಏಪ್ರಿಲ್ 26ರಂದು ಬೆಂಗಳೂರಿನಲ್ಲಿ ತೀರಿಕೊಂಡರು, 81 ವರ್ಷವಾಗಿತ್ತು.

ಇದೆಲ್ಲ ಹಳೇ ಕತೆ ಅನ್ನಬೇಡಿ. ಐಸ್ ಹಾಕಿಯನ್ನೇ ನೋಡಿ. ಹೆಂಗಸರ ವಿಶ್ವ ಚಾಂಪಿಯನ್‌ಶಿಪ್ ಶುರುವಾದದ್ದು 1990ರಲ್ಲಿ, ಒಲಿಂಪಿಕ್ಸ್ ಸೇರಿದ್ದು 1998ರಲ್ಲಿ. ನಮ್ಮ ದೇಶದ ಮಹಿಳಾ ತಂಡ ಮೊದಲ ಅಂತರರಾಷ್ಟ್ರೀಯ ಟೂರ್ನಿ ಆಡಿದ್ದು 2016ರಲ್ಲಿ. ಅದರಲ್ಲಿ ಹೆಚ್ಚಿನವರು ಲಡಾಖ್ ಹುಡುಗಿಯರು, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಗಳ ಮೇಲೆ ಆಟ ಕಲಿತವರು. ಅದೇ ತಂಡ 2025ರಲ್ಲಿ ಏಷ್ಯಾ ಕಪ್ ಕಂಚು ತಂತು. ಅವರಿಗಿಂತ ಮುಂಚೆ ಅದೇ ಕೆರೆಗಳ ಮೇಲೆ ಆಡಿ, ತಂಡವೇ ಇಲ್ಲದೆ ವಯಸ್ಸು ಕಳೆದವರೂ ಇರ್ತಾರಲ್ಲ?

ಆಟಗಾರರನ್ನು ಪದಕದಿಂದ ಅಳೆಯೋದು ಸುಲಭ. ಆದರೆ ಪದಕವೇ ಇಟ್ಟಿರದ ಕಾಲದವರನ್ನು ಅದೇ ತಕ್ಕಡಿಯಲ್ಲಿ ತೂಗಿದರೆ ಸೊನ್ನೆ ಬರುತ್ತೆ. ತಪ್ಪು ಅವರದ್ದಲ್ಲ, ತಕ್ಕಡಿಯದ್ದು. ಇದ್ದಷ್ಟು ಎತ್ತರವನ್ನು ಎಲ್ವೆರಾ ಪೂರ್ತಿ ಹತ್ತಿದ್ದರು.

ನಿಮ್ಮ ಮನೆಯಲ್ಲೋ ಬೀದಿಯಲ್ಲೋ 60-70ರ ದಶಕದಲ್ಲಿ ಶಾಲೆ, ಕಾಲೇಜು, ಯೂನಿವರ್ಸಿಟಿಗೆ ಆಡಿದ ಅತ್ತೆ, ಚಿಗವ್ವ, ಅಜ್ಜಿ ಯಾರಾದರೂ ಇದ್ದರೆ ಒಂದು ಸಂಜೆ ಕೂತು ಕೇಳಿ. ಫೋಟೋ ಇದ್ದರೆ ಹಿಂದೆ ಹೆಸರು, ಇಸವಿ ಬರೆಸಿಡಿ. ಇಲ್ಲೂ ಬರೆದು ತಿಳಿಸಿದರೆ ನನಗೆ ಖುಷಿ.