ಅಶೋಕ ತೊಗಟೆಯ ಔಷಧ ತಯಾರಿಕೆ: ಮೈಸೂರಿನ ಅರ್ಜಿದಾರರಿಗೆ ಮಾಹಿತಿ

ಅಶೋಕವು ನಿತ್ಯಹರಿದ್ವರ್ಣದ ವೃಕ್ಷವಾಗಿದೆ. ಇದರ ತೊಗಟೆಯಿಂದ ತಯಾರಿಸುವ ಅಶೋಕಾರಿಷ್ಟವು ಸ್ತ್ರೀಯರ ಅಧಿಕ ರಕ್ತಸ್ರಾವಕ್ಕೆ ಆಯುರ್ವೇದದಲ್ಲಿ ಬಳಕೆಯಲ್ಲಿದೆ.

1. ಗುರುತಿಸುವಿಕೆ:
ನಿಜವಾದ ಅಶೋಕಕ್ಕೆ ಜೋಡಿ ಜೋಡಿಯಾದ ಕಿರುಎಲೆಗಳೂ ಕಿತ್ತಳೆ-ಕೆಂಪು ಹೂಗೊಂಚಲುಗಳೂ ಇರುತ್ತವೆ. ಉದ್ಯಾನಗಳಲ್ಲಿ ಕಂಬದಂತೆ ಬೆಳೆಸುವ, ಅಲೆಯಂಚಿನ ನೀಳ ಎಲೆಗಳ, ಹಸಿರು ಹೂವಿನ ಮರವನ್ನೂ ಅಶೋಕವೆಂದೇ ಕರೆಯುವರು. ಅದು ಬೇರೆ ಜಾತಿ. ಅದರ ತೊಗಟೆಯನ್ನು ಬಳಸಿದಲ್ಲಿ ಔಷಧವು ಕಲಬೆರಕೆಯಾಗುತ್ತದೆ.

2. ತೊಗಟೆ ಸಂಗ್ರಹ:
ಕಾಂಡದ ಸುತ್ತಲೂ ತೊಗಟೆ ಸುಲಿದರೆ ಮರ ಒಣಗಿ ಸಾಯುತ್ತದೆ. ಮರ ಕಡಿಯುವ ಮುನ್ನ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಮೇರೆಗೆ ವೃಕ್ಷ ಅಧಿಕಾರಿಯ ಅನುಮತಿಯ ಅಗತ್ಯವನ್ನು ವಿಚಾರಿಸಿಕೊಳ್ಳತಕ್ಕದ್ದು.

3. ಪರವಾನಗಿ:
ಮಾರಾಟಕ್ಕಾಗಿ ತಯಾರಿಸುವವರು 1940ರ ಔಷಧ ಮತ್ತು ಕಾಂತಿವರ್ಧಕಗಳ ಅಧಿನಿಯಮದಡಿ ಪರವಾನಗಿ ಪಡೆಯತಕ್ಕದ್ದು. ತಯಾರಿಕಾ ಸ್ಥಳ, ಯಂತ್ರೋಪಕರಣ ಹಾಗೂ ಶುಚಿತ್ವವು ಅನುಸೂಚಿ 'ಟಿ'ಗೆ ಅನುಗುಣವಾಗಿರಬೇಕು. ತಮ್ಮ ರೋಗಿಗಳಿಗಾಗಿ ಮಾತ್ರ ಸ್ವತಃ ತಯಾರಿಸಿಕೊಡುವ ವೈದ್ಯರಿಗೆ ಈ ಪರವಾನಗಿ ಅನ್ವಯಿಸುವುದಿಲ್ಲ.

4. ಸಾರ್ವಜನಿಕರಿಗೆ ಸೂಚನೆ:
ಅಧಿಕ ರಕ್ತಸ್ರಾವಕ್ಕೆ ಗಂಭೀರ ಕಾರಣಗಳಿರಬಹುದು. ಮನೆಯಲ್ಲಿ ಕಷಾಯ ಮಾಡಿ ಸೇವಿಸುತ್ತಾ ಕಾಲ ಕಳೆಯದೆ ಮೊದಲು ವೈದ್ಯರಿಂದ ತಪಾಸಣೆ ಮಾಡಿಸಿಕೊಳ್ಳುವುದು. 1908ರಲ್ಲಿ ಆರಂಭವಾದ ಮೈಸೂರಿನ ಸರ್ಕಾರಿ ಆಯುರ್ವೇದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಸಲಹೆ ಪಡೆಯಬಹುದಾಗಿದೆ.