ಆಕರಕೋಶದ ಶೋಧವೂ ಎಣಿಕೆಯ ಕ್ರಮವೂ

ವೈದ್ಯಶಾಸ್ತ್ರದ ಇತಿಹಾಸವನ್ನು ಬರೆಯುವವರಿಗೆ ಆಕಸ್ಮಿಕ ಶೋಧಗಳಲ್ಲಿ ಒಲವು ಹೆಚ್ಚು. ರಕ್ತವನ್ನು ಹುಟ್ಟಿಸುವ ಆಕರಕೋಶವು, ಎಂದರೆ ಸ್ಟೆಮ್ ಸೆಲ್, ಕೆನಡಾದ ಟೊರಾಂಟೊ ನಗರದಲ್ಲಿ ಪತ್ತೆಯಾದ ವೃತ್ತಾಂತವನ್ನೂ ಹಾಗೆಯೇ ಹೇಳುವುದುಂಟು. ಈ ನಿರೂಪಣೆ ಅರ್ಧಸತ್ಯವೆಂದು ನಮ್ಮ ಅಭಿಪ್ರಾಯ.

ಅಂತಹ ಕೋಶವೊಂದು ಇರಬೇಕೆಂಬ ಊಹೆ ಹಳೆಯದು. ರಕ್ತದ ಎಲ್ಲ ಬಗೆಯ ಕಣಗಳಿಗೂ ಮೂಲ ಒಂದೇ ಎಂದು ರಷ್ಯಾದ ಮ್ಯಾಕ್ಸಿಮೊವ್ 1909ರಲ್ಲಿಯೇ ವಾದಿಸಿದ್ದರು. ಆದರೆ ಸೂಕ್ಷ್ಮದರ್ಶಕದಲ್ಲಿ ಆಕಾರವನ್ನು ನೋಡಿ ಅದನ್ನು ಗುರುತಿಸಲಾಗದೆ, ವಾದವು ಅರ್ಧ ಶತಮಾನ ವಾದವಾಗಿಯೇ ಉಳಿಯಿತು. ಅಷ್ಟರಲ್ಲಿ ಚಿಕಿತ್ಸೆ ಜ್ಞಾನಕ್ಕಿಂತ ಮುಂದೆ ಸಾಗಿತ್ತು. 1957ರಲ್ಲಿ ಅಮೆರಿಕದ ಡಾನಲ್ ಥಾಮಸ್ ಮತ್ತು ಅವರ ಸಂಗಡಿಗರು ಆರು ಮಂದಿ ರೋಗಿಗಳಿಗೆ ಅನ್ಯರ ಅಸ್ಥಿಮಜ್ಜೆಯನ್ನು ಕೊಟ್ಟ ವರದಿಯನ್ನು ಪ್ರಕಟಿಸಿದರು. ಆ ಆರು ಮಂದಿಯಲ್ಲಿ ಯಾರೂ ಬಹುಕಾಲ ಬದುಕಲಿಲ್ಲ. ದಾನಿಯ ಮತ್ತು ರೋಗಿಯ ಅಂಗಾಂಶಗಳ ಹೊಂದಾಣಿಕೆ ಆಗ ತಿಳಿದಿರಲಿಲ್ಲ. ಮಜ್ಜೆಯಲ್ಲಿ ಕೆಲಸ ಮಾಡುವ ಕೋಶ ಯಾವುದು, ಅದು ಎಷ್ಟಿದ್ದರೆ ಸಾಕು ಎಂಬುದನ್ನೂ ಯಾರೂ ಅರಿತಿರಲಿಲ್ಲ.

ಟೊರಾಂಟೊದ ಅರ್ನೆಸ್ಟ್ ಮೆಕ್ಕಲಕ್ ವೈದ್ಯರು. ಜೇಮ್ಸ್ ಟಿಲ್ ಭೌತಶಾಸ್ತ್ರವನ್ನು ಕಲಿತು ಬಂದವರು. ವಿಕಿರಣದಿಂದ ಮಜ್ಜೆ ನಾಶವಾದ ಇಲಿಗಳಿಗೆ ಬೇರೆ ಇಲಿಗಳ ಮಜ್ಜೆಯ ಕೋಶಗಳನ್ನು, ಬೇರೆ ಬೇರೆ ಪ್ರಮಾಣಗಳಲ್ಲಿ, ಎಣಿಸಿ ಚುಚ್ಚುತ್ತಿದ್ದರು. ಮಜ್ಜೆಯು ವಿಕಿರಣವನ್ನು ಎಷ್ಟು ತಾಳಬಲ್ಲುದೆಂದು ಅಳೆಯುವುದೇ ಅವರ ಉದ್ದೇಶ. ಹತ್ತು ದಿನಗಳು ಕಳೆದ ಇಲಿಗಳನ್ನು ಒಂದು ಭಾನುವಾರ ಪರೀಕ್ಷಿಸಿದ ಮೆಕ್ಕಲಕ್ ಗುಲ್ಮದ ಮೇಲೆ ಸಣ್ಣ ಗಂಟುಗಳನ್ನು ಕಂಡರು. ಆಕಸ್ಮಿಕವೆನ್ನಬಹುದಾದದ್ದು ಇಷ್ಟೇ. ಚುಚ್ಚಿದ ಕೋಶಗಳು ಹೆಚ್ಚಿದಂತೆ ಗಂಟುಗಳೂ ಅದೇ ಪ್ರಮಾಣದಲ್ಲಿ ಹೆಚ್ಚಿದ್ದವು: ಸುಮಾರು ಹತ್ತು ಸಾವಿರ ಕೋಶಗಳಿಗೆ ಒಂದು ಗಂಟು. ಪ್ರಮಾಣಗಳನ್ನು ಮೊದಲೇ ಅಳೆದಿಡದಿದ್ದರೆ ಈ ಸಂಬಂಧವು ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಕಂಡದ್ದು ವೈದ್ಯರ ಕಣ್ಣಿಗಾದರೂ, ಎಣಿಕೆಯ ಕ್ರಮ ಭೌತಶಾಸ್ತ್ರದ್ದು.

1961ರ ಅವರ ಲೇಖನದ ಶೀರ್ಷಿಕೆಯಲ್ಲಿ ಆಕರಕೋಶದ ಹೆಸರಿಲ್ಲ. ಮಜ್ಜೆಯ ವಿಕಿರಣ ಸಂವೇದನೆಯ ಮಾತು ಮಾತ್ರ ಇದೆ. ಈ ಸಂಯಮವು ಗಮನಾರ್ಹ. 1963ರಲ್ಲಿ ಆಂಡ್ರ್ಯೂ ಬೆಕರ್ ಅವರೊಡನೆ, ವಿಕಿರಣದಿಂದ ವರ್ಣತಂತುಗಳಲ್ಲಿ ಮೂಡಿದ ಗುರುತುಗಳನ್ನು ಅನುಸರಿಸಿ, ಒಂದೊಂದು ಗಂಟೂ ಒಂದೊಂದೇ ಕೋಶದ ಸಂತಾನವೆಂದು ತೋರಿಸಿಕೊಟ್ಟರು.

ಥಾಮಸ್ ಅವರಿಗೆ 1990ರಲ್ಲಿ ನೊಬೆಲ್ ಪಾರಿತೋಷಕವೂ, ಟೊರಾಂಟೊದ ಇಬ್ಬರಿಗೆ 2005ರಲ್ಲಿ ಲಾಸ್ಕರ್ ಪಾರಿತೋಷಕವೂ ಸಂದವು. ಇಂದು ಆಕರಕೋಶಗಳನ್ನು ಕಸಿ ಮಾಡುವ ವೈದ್ಯರು, ರೋಗಿಯ ದೇಹತೂಕದ ಪ್ರತಿ ಕಿಲೋಗ್ರಾಮಿಗೆ ಕನಿಷ್ಠ ಸುಮಾರು ಇಪ್ಪತ್ತು ಲಕ್ಷದಂತೆ, ಅವುಗಳನ್ನು ಮೊದಲು ಎಣಿಸಿಕೊಳ್ಳುತ್ತಾರೆ.