ಮೈನರ್ ಸ್ವರಕೂಟವೂ ಷಡ್ಜ-ಮಧ್ಯಮ ಸಂವಾದವೂ

ಪಿಯಾನೋ ವಾದ್ಯವು ಮೈಸೂರು ಸೀಮೆಗೆ ಹೊಸದಲ್ಲ. ಶ್ರೀ ಜಯಚಾಮರಾಜ ಒಡೆಯರವರು ಅದರಲ್ಲಿ ಕೃತಪರಿಶ್ರಮರಾಗಿ, 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತಶಾಲೆಯ ಲೈಸೆನ್ಷಿಯೇಟ್ ಪದವಿಯನ್ನು ಪಡೆದರು. ರಷ್ಯಾದೇಶದ ಸಂಗೀತಜ್ಞನಾದ ನಿಕೊಲಾಯ್ ಮೆಟ್ನರನು ಇ ಮೈನರಿನಲ್ಲಿ ರಚಿಸಿದ ತನ್ನ ಮೂರನೆಯ ಕನ್‌ಚರ್ಟೋವನ್ನು ಈ ಪ್ರಭುಗಳಿಗೇ ಅರ್ಪಿಸಿದನು. ಬೆಂಗಳೂರಿನ ಉತ್ತರಭಾಗದ ಆರ್.ಟಿ. ನಗರದಲ್ಲಿ ನೆಲೆಗೊಂಡ, 1987ರಲ್ಲಿ ಸ್ಥಾಪಿತವಾದ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್ ಸಂಸ್ಥೆಯಿಂದ ಪಾಶ್ಚಾತ್ಯ ಸಂಗೀತದ ಶಿಕ್ಷಣವು ಜನಸಾಮಾನ್ಯರಿಗೂ ದೊರಕುವಂತಾಯಿತು.

ಹೀಗಿದ್ದರೂ ಜಾಸ್ ಪದ್ಧತಿಯ ಸ್ವರಕೂಟಗಳನ್ನು ಅಭ್ಯಸಿಸುವವರು ನಮ್ಮ ಶಾಸ್ತ್ರಮಾರ್ಗದಿಂದ ದೂರವಾಗುವರೆಂಬ ಆಕ್ಷೇಪವುಂಟು. ಇದು ವಿಚಾರಾರ್ಹವಾಗಿದೆ.

ಮೊದಲನೆಯದಾಗಿ, ಮೈನರ್ ಎಂಬುದು ಒಂದೇ ಸ್ವರಶ್ರೇಣಿಯಲ್ಲ. ಅದರ ಸಹಜ ರೂಪವು ನಮ್ಮ 20ನೆಯ ಮೇಳವಾದ ನಠಭೈರವಿ. ಹಾರ್ಮೋನಿಕ್ ರೂಪವು 21ನೆಯ ಕೀರವಾಣಿ. ಮೆಲೋಡಿಕ್ ರೂಪದ ಆರೋಹಣವು 23ನೆಯ ಗೌರೀಮನೋಹರಿ. ಜಾಸ್ ವಾದಕರಿಗೆ ಪ್ರಿಯವಾದ ಡೋರಿಯನ್ ಎಂಬುದು 22ನೆಯ ಖರಹರಪ್ರಿಯ. ನಾಲ್ಕೂ ವೇದಚಕ್ರದೊಳಗೇ ಅಡಕವಾಗಿವೆ.

ಇನ್ನು ಕೂಟದ ಸ್ವರಗಳನ್ನು ಕೆಳಮೇಲಾಗಿ ಹರಡುವ ಕ್ರಮ. ಇದಕ್ಕೆ ವಾಯ್ಸಿಂಗ್ ಎಂದು ಹೆಸರು. ಮೈಲ್ಸ್ ಡೇವಿಸನ ಬಳಗವು 1959ರ ಮಾರ್ಚ್ 2ರಂದು ನ್ಯೂಯಾರ್ಕಿನಲ್ಲಿ ಧ್ವನಿಮುದ್ರಿಸಿದ ‘ಸೋ ವಾಟ್’ ಕೃತಿಯಲ್ಲಿ ಬಿಲ್ ಎವನ್ಸನು ನುಡಿಸಿದ ಎರಡು ವಿನ್ಯಾಸಗಳು ಪ್ರಸಿದ್ಧವಾಗಿವೆ. ಡಿ ಸ್ವರವನ್ನು ಷಡ್ಜವೆಂದಿಟ್ಟುಕೊಂಡರೆ, ಕೆಳಗಿನಿಂದ ಮೇಲಕ್ಕೆ ಮೊದಲನೆಯದು ರಿ-ಪ-ಸ-ಮ-ಧ, ಎರಡನೆಯದು ಸ-ಮ-ನಿ-ಗ-ಪ. ಇವೆರಡನ್ನೂ ಕೂಡಿಸಿದರೆ ಖರಹರಪ್ರಿಯದ ಏಳು ಸ್ವರಗಳೂ ಪೂರ್ಣವಾಗುತ್ತವೆ. ಮೇಲಿನ ಒಂದು ಅಂತರವನ್ನು ಬಿಟ್ಟರೆ ಉಳಿದ ಮೂರೂ ಷಡ್ಜ-ಮಧ್ಯಮಗಳ ಅಂತರವೇ. ಒಂಬತ್ತು ಅಥವಾ ಹದಿಮೂರು ಶ್ರುತಿಗಳ ಅಂತರವುಳ್ಳ ಸ್ವರಗಳು ಪರಸ್ಪರ ಸಂವಾದಿಗಳೆಂದು ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಹೇಳಿರುವನಷ್ಟೆ; ಅವುಗಳಲ್ಲಿ ಒಂಬತ್ತು ಶ್ರುತಿಗಳ ಸಂವಾದವೇ ಇಲ್ಲಿ ಮೆಟ್ಟಿಲು ಮೆಟ್ಟಿಲಾಗಿ ನಿಂತಿದೆ.

ಆದರೆ ಸಾಮ್ಯವನ್ನು ಐಕ್ಯವೆಂದು ಭ್ರಮಿಸಕೂಡದು. ನಮ್ಮಲ್ಲಿ ಸಂವಾದವು ಸ್ವರಗಳ ಅನುಕ್ರಮದಲ್ಲಿ ವ್ಯಕ್ತವಾಗುತ್ತದೆ; ಅಲ್ಲಿ ಏಕಕಾಲದಲ್ಲಿ ನುಡಿಯುತ್ತದೆ. ಖರಹರಪ್ರಿಯದ ಗಾಂಧಾರಕ್ಕೆ ಜೀವವಾದ ಕಂಪಿತವು ಪಿಯಾನೋವಿನ ಮನೆಗಳಲ್ಲಿ ಅಸಾಧ್ಯ. ಆ ಕೊರತೆಗೆ ಪ್ರತಿಯಾಗಿ, ಸ್ಥಾಯಿಯನ್ನು ಹನ್ನೆರಡು ಸಮಭಾಗಗಳಾಗಿ ಒಡೆದುದರಿಂದ ಯಾವ ಮನೆಯನ್ನಾದರೂ ಷಡ್ಜವಾಗಿ ಮಾಡಿಕೊಳ್ಳುವ ಸೌಕರ್ಯವು ಆ ವಾದ್ಯಕ್ಕುಂಟು. ‘ಸೋ ವಾಟ್’ ಕೃತಿಯ ನಡುಭಾಗದಲ್ಲಿ ಇಡೀ ವಿನ್ಯಾಸವೇ ಅರ್ಧಸ್ವರ ಮೇಲೇರುವುದು ಇದರಿಂದಲೇ. ವಿದ್ಯಾರ್ಥಿಗಳು ಒಂದೇ ವಿನ್ಯಾಸವನ್ನು ಹನ್ನೆರಡು ಮೈನರುಗಳಲ್ಲಿಯೂ ಸಾಧಿಸುವುದಕ್ಕೆ ಕಾರಣವೂ ಇದೇ.

ಆದುದರಿಂದ ಈ ಅಭ್ಯಾಸವು ಶಾಸ್ತ್ರವಿರೋಧಿಯೆಂಬ ಮಾತು ನಿಲ್ಲಲಾರದು. ಸರಳೆ ಜಂಟಿಗಳನ್ನು ಹಾಡಿ ಬಲ್ಲ ಬಾಲಕನು ಈ ಕೂಟಗಳನ್ನು ಕೈಯಲ್ಲಿ ಹಿಡಿಯುವ ಮೊದಲೇ ಕಿವಿಯಲ್ಲಿ ಹಿಡಿಯಬಲ್ಲನು.